ಮೊದಲು ಟಾರ್ಪಾಲು, ಆಮೇಲೆ ಎಲ್‌ಇಡಿ

ಶೆಡ್ಡಿನಿಂದ ಉತ್ತರ: ಗಾಡಿ ಇಟ್ಟುಕೊಂಡವರ ಪ್ರಶ್ನೆಗಳಿಗೆ ಕಾಮಾಕ್ಷಿಪಾಳ್ಯದ ಮೇಸ್ತ್ರಿಯ ಮಾತು

ಆಯುಧಪೂಜೆ ಮುಗಿದು ಮೂರು ವಾರ ಆಯಿತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪಿಕಪ್ ಗಾಡಿಗಳದ್ದೇ. ಹಬ್ಬಕ್ಕೆ ಗಾಡಿ ತಂದಿದ್ದೀರಿ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಮುಂದೆ ನಿಲ್ಲಿಸಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ್ದೀರಿ. ಸಂತೋಷ. ಈಗ ಅದಕ್ಕೆ ಏನೇನು ಹಾಕಿಸಲಿ ಅಂತ ಕೇಳುತ್ತಿದ್ದೀರಿ. ನಾಮಕರಣಕ್ಕೆ ಮೊದಲೇ ಮಗುವಿನ ಕಿವಿ ಚುಚ್ಚಿಸುವ ಆತುರ! ಇರಲಿ, ನನಗೂ ಒಂದು ಕಾಲದಲ್ಲಿ ಇದೇ ಆತುರ ಇತ್ತು. ಆ ಕತೆ ಮೊದಲ ಉತ್ತರದಲ್ಲೇ ಇದೆ.

ಮೇಸ್ತ್ರಿಗಳೇ, ದಸರಾಕ್ಕೆ ಹೊಸ ಬೊಲೆರೊ ಪಿಕಪ್ ತಂದೆ. ಹಳದಿ ಬೋರ್ಡ್. ಯಶವಂತಪುರ ಯಾರ್ಡಿನಿಂದ ಈರುಳ್ಳಿ, ಆಲೂಗಡ್ಡೆ ತಂದು ಅಂಗಡಿಗಳಿಗೆ ಹಾಕುತ್ತೇನೆ. ಲೋಡ್ ಬಾಡಿ ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲ ಇದೆ. ಮುಂದೆ ಗಾರ್ಡ್, ಮೇಲೆ ಕ್ಯಾರಿಯರ್, ಒಳಗೆ 3 ಎಂಎಂ ಕಬ್ಬಿಣದ ಶೀಟ್, ಎಲ್‌ಇಡಿ ಬಾರ್ ಎಲ್ಲಾ ಒಟ್ಟಿಗೆ ಹಾಕಿಸು ಅಂತ ನನ್ನ ಬಾಮೈದ ಹೇಳುತ್ತಾನೆ. ಕೈಯಲ್ಲಿ 40 ಸಾವಿರ ಇದೆ. ಯಾವುದು ಮೊದಲು?
ಒಬ್ಬ ಓದುಗ, ಲಗ್ಗೆರೆ

ಬಾಮೈದನ ಮಾತು ಕೇಳಬೇಡಿ ಅಂತ ನಾನು ಹೇಳಿದರೆ ನಿಮ್ಮ ಮನೆಯಲ್ಲಿ ಊಟ ಸಿಗುವುದಿಲ್ಲ. ಅದಕ್ಕೆ ಬರೀ ಲೆಕ್ಕ ಹೇಳುತ್ತೇನೆ. ಅದನ್ನೇ ಅವನಿಗೆ ಓದಿ ಹೇಳಿ.

ಕಬ್ಬಿಣದ ಶೀಟ್ 1 ಎಂಎಂ ದಪ್ಪ ಇದ್ದರೆ ಒಂದು ಚದರ ಮೀಟರಿಗೆ 7.85 ಕೆಜಿ ತೂಗುತ್ತದೆ. ನಿಮ್ಮ ಬಾಡಿಯ ತಳ ಹತ್ತಿರ ಹತ್ತಿರ 4.3 ಚದರ ಮೀಟರ್. 3 ಎಂಎಂ ಹಾಸಿದರೆ 100 ಕೆಜಿ ದಾಟಿತು. ಅಂದರೆ 50 ಕೆಜಿಯ ಎರಡು ಮೂಟೆ ಈರುಳ್ಳಿ. ಆ ಎರಡು ಮೂಟೆ ಹಗಲು ರಾತ್ರಿ ನಿಮ್ಮ ಗಾಡಿಯಲ್ಲೇ ಕೂತಿರುತ್ತವೆ. ಡೀಸೆಲ್ ಕುಡಿಯುತ್ತವೆ, ಬಾಡಿಗೆ ಕೊಡುವುದಿಲ್ಲ. ಇನ್ನು ಗಾರ್ಡ್, ಕ್ಯಾರಿಯರ್ ಸೇರಿಸಿ ನೋಡಿ.

ಆರ್‌ಸಿ ತೆಗೆದು ನೋಡಿ. ಅದರಲ್ಲಿ ಎರಡು ತೂಕ ಇರುತ್ತವೆ. ಒಂದು ಖಾಲಿ ಗಾಡಿಯದು, ಇನ್ನೊಂದು ಲೋಡ್ ಸಮೇತ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದೇ ನಿಮ್ಮ ದುಡಿಮೆ. ಡ್ರೈವರ್ ಕೂಡ ಅದರಲ್ಲೇ ಬಂದ. ನೀವು ಹಾಕಿಸುವ ಪ್ರತಿ ಕಬ್ಬಿಣವೂ ಆ ದುಡಿಮೆಯಿಂದಲೇ ಕಳೆಯುತ್ತದೆ. ಒಟ್ಟು ತೂಕ ಮೀರಿದರೆ 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಈರುಳ್ಳಿ ತುಂಬಿದ್ದಾ, ಶೀಟ್ ಹಾಕಿದ್ದಾ ಅಂತ ತೂಕದ ಮಿಷನ್ ಕೇಳುವುದಿಲ್ಲ.

ನನ್ನ ಕತೆ ಕೇಳಿ. 1994ರಲ್ಲಿ ಕಲಾಸಿಪಾಳ್ಯದಲ್ಲಿ ಕ್ಲೀನರ್ ಆಗಿ ಮೆಟಡೋರ್ ಹತ್ತಿದವನು ನಾನು. ಹನ್ನೆರಡು ವರ್ಷ ಬೇರೆಯವರ ಗಾಡಿ ಓಡಿಸಿ, 2006ರಲ್ಲಿ ಸಾಲ ಮಾಡಿ ಸ್ವಂತಕ್ಕೆ ಒಂದು ಟಾಟಾ ಏಸ್ ತಗೊಂಡೆ. ಆ ಗಾಡಿ ಮಾರ್ಕೆಟ್ಟಿಗೆ ಬಂದು ಒಂದೇ ವರ್ಷ ಆಗಿತ್ತು. ಚೋಟಾ ಹಾತಿ ಅಂತ ಎಲ್ಲರೂ ನಿಂತು ನೋಡುತ್ತಿದ್ದರು. ಹೊರುವುದು ಮುಕ್ಕಾಲು ಟನ್. ಆದರೆ ನನಗೆ ಅದು ಲಾರಿ ಥರ ಕಾಣಬೇಕಿತ್ತು. ಮುಂದೆ ದಪ್ಪ ಪೈಪಿನ ಗಾರ್ಡ್, ಕ್ಯಾಬಿನ್ ಮೇಲೆ ಕ್ಯಾರಿಯರ್, ತಳಕ್ಕೆ ಶೀಟ್, ಸೈಡಿಗೆ ಆಂಗಲ್, ಹಿಂದೆ ಏಣಿ. ಏಣಿ ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

ಎರಡು ತಿಂಗಳಿಗೆ ಹಿಂದಿನ ಟೈರ್ ಸವೆಯತೊಡಗಿತು. ನೈಸ್ ರಸ್ತೆಗೆ ಹತ್ತುವ ಏರಿನಲ್ಲಿ ಗಾಡಿ ಮುಲುಕುತ್ತಿತ್ತು. ಒಂದು ದಿನ ಪೀಣ್ಯದಲ್ಲಿ ಖಾಲಿ ಗಾಡಿಯನ್ನು ಸುಮ್ನೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಆರ್‌ಸಿಯಲ್ಲಿ ಇದ್ದದ್ದಕ್ಕಿಂತ 160 ಕೆಜಿ ಜಾಸ್ತಿ! ಮುಕ್ಕಾಲು ಟನ್ನಿನ ಗಾಡಿಯಲ್ಲಿ ಐದನೇ ಒಂದು ಪಾಲು ಶೋಕಿಗೇ ಹೋಗಿತ್ತು. ಮರುದಿನವೇ ಎಲ್ಲಾ ಬಿಚ್ಚಿಸಿ ಗುಜರಿಗೆ ಹಾಕಿದೆ. ಮಾಡಿಸುವಾಗ ಕೊಟ್ಟ ದುಡ್ಡಿನ ಕಾಲು ಭಾಗವೂ ಬರಲಿಲ್ಲ.

ಈಗ ನಿಮ್ಮ 40 ಸಾವಿರಕ್ಕೆ ಬರೋಣ. ಮೊದಲ ದುಡ್ಡು ಟಾರ್ಪಾಲಿಗೆ. ನೋಡಿ ತಗೊಳ್ಳಿ. ಅದರ ಮೇಲೆ ಜಿಎಸ್‌ಎಂ ಅಂತ ಒಂದು ನಂಬರ್ ಇರುತ್ತದೆ. ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ದಿನಾ ಕಟ್ಟಿ ಬಿಚ್ಚುವ ಕೆಲಸಕ್ಕೆ 200ಕ್ಕಿಂತ ಕಡಿಮೆ ಬೇಡ, ಒಂದೇ ಮಳೆಗಾಲಕ್ಕೆ ಹರಿಯುತ್ತದೆ. ಹಳೇ ಕ್ಯಾನ್ವಾಸ್ ಗಟ್ಟಿ ನಿಜ, ಆದರೆ ನೆನೆದರೆ ಇಬ್ಬರು ಎತ್ತಬೇಕು. ಈರುಳ್ಳಿಗೆ ಗಾಳಿ ಬೇಕು. ಪೂರ್ತಿ ಬಿಗಿದು ಕಟ್ಟಿದರೆ ಒಳಗೆ ಬೆವರುತ್ತದೆ, ಬೆವರಿದ ಮೂಟೆ ಮೂರು ದಿನಕ್ಕೆ ಕೊಳೆಯುತ್ತದೆ. ಹಿಂದುಗಡೆ ಒಂದು ಗೇಣು ಬಿಟ್ಟು ಕಟ್ಟಿ.

ಎರಡನೆಯದು, ನಾಲ್ಕು ರ‍್ಯಾಚೆಟ್ ಬೆಲ್ಟ್. ಹಗ್ಗ ಕಟ್ಟುವುದರಲ್ಲಿ ನಮ್ಮ ಹಳಬರಷ್ಟು ಕೈ ಪಳಗಿದ್ದರೆ ಹಗ್ಗವೇ ಸಾಕು. ಆದರೆ ಈಗಿನ ಹುಡುಗರು ಹಾಕುವ ಗಂಟು ನೆಲಮಂಗಲ ಬರುವಷ್ಟರಲ್ಲಿ ಸಡಿಲ ಆಗಿರುತ್ತದೆ. ಬೆಲ್ಟಾದರೆ ಟಕಟಕ ಅಂತ ಬಿಗಿದು ಬಿಡಬಹುದು. ಮೂಲೆ ಚೂಪಾಗಿದ್ದರೆ ಅಲ್ಲಿ ಹಳೇ ಟ್ಯೂಬಿನ ತುಂಡು ಮಡಚಿ ಇಡಿ, ಬೆಲ್ಟ್ ಕತ್ತರಿಸುವುದಿಲ್ಲ.

ತಳಕ್ಕೆ ಶೀಟ್ ಬೇಡ, ದಪ್ಪ ರಬ್ಬರ್ ಮ್ಯಾಟ್ ಹಾಕಿ. ಡ್ರಮ್ಮು, ಕಬ್ಬಿಣ ಹೊಡೆಯುವ ಗಾಡಿ ಆದರೆ ಮಾತು ಬೇರೆ. ಆಗ 3 ಎಂಎಂ ಅಲ್ಯೂಮಿನಿಯಂ ಶೀಟ್ ಹಾಕಿಸಿ, ಅಷ್ಟೇ ಜಾಗಕ್ಕೆ ಸುಮಾರು 35 ಕೆಜಿಯಲ್ಲಿ ಮುಗಿಯುತ್ತದೆ. ದುಡ್ಡು ಜಾಸ್ತಿ, ಆದರೆ ಒಂದೇ ಸಲ. ಯಾವುದೇ ಹಾಕಿ, ತಿಂಗಳಿಗೊಮ್ಮೆ ಎತ್ತಿ ತೊಳೆಯಿರಿ. ಬಾಡಿ ತುಕ್ಕು ಹಿಡಿಯುವುದು ಮೇಲಿಂದ ಅಲ್ಲ, ಹಾಸಿನ ಕೆಳಗೆ ನಿಂತ ನೀರಿನಿಂದ.

ಆಮೇಲೆ ಪ್ರತಿಫಲಿಸುವ ಟೇಪ್. ಮುಂದೆ ಬಿಳಿ, ಹಿಂದೆ ಕೆಂಪು. ಹಳದಿ ಬೋರ್ಡ್ ಗಾಡಿಗೆ ಇದು ಶೋಕಿ ಅಲ್ಲ, ಕಾನೂನು. ಎಫ್‌ಸಿಗೆ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟಿಗೆ) ಹೋದಾಗ ನೋಡುತ್ತಾರೆ. ಹೊಸ ಗಾಡಿಗೆ ಎರಡು ವರ್ಷಕ್ಕೆ ಎಫ್‌ಸಿ ಇರುತ್ತದೆ, ಎಂಟು ವರ್ಷ ತುಂಬುವವರೆಗೂ ಎರಡೆರಡು ವರ್ಷ, ಆಮೇಲೆ ವರ್ಷ ವರ್ಷ. ಟೇಪನ್ನು ಎರಡು ವರ್ಷ ಬಿಟ್ಟು ಅಂಟಿಸೋಣ ಅಂತ ಕೂರಬೇಡಿ. ದಾಬಸ್‌ಪೇಟೆ ಹತ್ತಿರ ರಾತ್ರಿ ಪಂಕ್ಚರ್ ಆಗಿ ನಿಂತಾಗ ಹಿಂದಿನಿಂದ ಬರುವ ಲಾರಿಯವನಿಗೆ ಕಾಣುವುದು ಅದೊಂದೇ.

ಇಷ್ಟಕ್ಕೆ 12 ಸಾವಿರ ದಾಟಬಾರದು. ಉಳಿದದ್ದನ್ನು ಬ್ಯಾಂಕಿನಲ್ಲಿಡಿ. ಆರು ತಿಂಗಳು ಓಡಿಸಿ. ತನಗೆ ಏನು ಬೇಕು ಅಂತ ಗಾಡಿಯೇ ಕೇಳುತ್ತದೆ. ಬಾಮೈದನಿಗೆ ಅಷ್ಟೊಂದು ಆಸೆ ಇದ್ದರೆ ಒಂದು ಒಳ್ಳೆ ಟೂಲ್ ಬಾಕ್ಸ್ ಕೊಡಿಸಲಿ.

ಗಾರ್ಡ್ ಹಾಕಿದರೆ ಪೊಲೀಸರು ಹಿಡಿಯುತ್ತಾರಾ? ಎಲ್ಲಾ ಗಾಡಿಯಲ್ಲೂ ಇದೆಯಲ್ಲ?
ಹೊಸಕೋಟೆಯಿಂದ ಒಬ್ಬರು

ಇದೆ. ಇತ್ತು ಅನ್ನುವುದು ಸರಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು, ಮುಂದಿನ ಗಾರ್ಡ್ ಕಾಯ್ದೆಗೆ ವಿರುದ್ಧ, ದಂಡ ಹಾಕಿ ಅಂತ ಹೇಳಿತು. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯಿಂದ ಬಂದ ಗಾಡಿಯ ರೂಪ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಪೊಲೀಸರ ಮಾತು ಬಿಡಿ. ಗಾಡಿಯ ಮುಂಭಾಗ ಮಾಡಿರುವುದೇ ನಜ್ಜುಗುಜ್ಜಾಗಲಿ ಅಂತ. ಅದು ಮಡಚಿಕೊಂಡರೆ ಪೆಟ್ಟು ಅಲ್ಲೇ ಕರಗುತ್ತದೆ, ನಿಮ್ಮವರೆಗೆ ಬರುವುದಿಲ್ಲ. ಗಾರ್ಡ್ ಕಟ್ಟಿದರೆ ಪೆಟ್ಟು ಪೈಪಿನ ಮೂಲಕ ನೇರ ಚಾಸಿಗೆ ಹೋಗುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಯಾವಾಗ ಊದಬೇಕು ಅನ್ನುವ ಲೆಕ್ಕವೇ ತಪ್ಪಬಹುದು. ಎದುರಿಗೆ ಸಿಕ್ಕವನು ನಡೆದು ಹೋಗುವವನಾದರೆ ಅವನ ಸೊಂಟಕ್ಕೆ ತಗಲುವುದು ತಗಡಲ್ಲ, ಎರಡು ಇಂಚಿನ ಪೈಪು.

ಹೌದು, ನಾನೇ ಒಂದು ಕಾಲದಲ್ಲಿ ಇಂಥ ಗಾರ್ಡ್ ನೂರಾರು ಮಾಡಿ ಕೊಟ್ಟಿದ್ದೇನೆ. ಈಗ ನಿಲ್ಲಿಸಿದ್ದೇನೆ. ಆ ಪೈಪ್ ಬಗ್ಗಿಸುವ ಮಿಷನ್ ಈಗ ಶಾಮಿಯಾನದವರ ಕುರ್ಚಿ ರಿಪೇರಿಗೆ ಬಳಕೆ ಆಗುತ್ತಿದೆ.

ನಮಸ್ಕಾರ ಸರ್. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬಿಳಿ ಬೋರ್ಡಿನ ಇಸುಜು ವಿ-ಕ್ರಾಸ್ ತಗೊಂಡೆ. ಕನಕಪುರದ ಹತ್ತಿರ ಸಣ್ಣ ತೋಟ ಇದೆ, ವಾರಕ್ಕೊಮ್ಮೆ ಗೊಬ್ಬರ, ಸಸಿ, ಪೈಪು ಒಯ್ಯುತ್ತೇನೆ. ಹಿಂದುಗಡೆಗೆ ಕ್ಯಾನೊಪಿ (ಗಟ್ಟಿ ಗೂಡು) ಹಾಕಿಸಲಾ, ಮೇಲ್ಮುಚ್ಚುವ ಕವರ್ ಸಾಕಾ? ಒಳಗೆ ಲೈನರ್ ಯಾವುದು? ಖಾಲಿ ಓಡಿಸಿದರೆ ಹಿಂದೆ ಕುಣಿಯುತ್ತದೆ, ಏನು ಮಾಡಲಿ?
ಒಬ್ಬ ಓದುಗ, ಸರ್ಜಾಪುರ ರಸ್ತೆ

ಒಂದೇ ಪತ್ರದಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ಕೊನೆಯದರಿಂದ ಶುರು ಮಾಡುತ್ತೇನೆ.

ಕುಣಿಯುವುದು ಗಾಡಿಯ ತಪ್ಪಲ್ಲ. ಹಿಂದೆ ಇರುವುದು ಪ್ಲೇಟ್ ಸ್ಪ್ರಿಂಗ್, ಅದು ಭಾರ ಹೊರಲು ಮಾಡಿದ್ದು. ಭಾರ ಇಲ್ಲದಿದ್ದರೆ ಬಗ್ಗುವುದಿಲ್ಲ, ಎಗರುತ್ತದೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇದೆ. ಖಾಲಿ ಇದ್ದಾಗ ಎಷ್ಟು ಗಾಳಿ, ಲೋಡ್ ಇದ್ದಾಗ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತದೆ. ನಮ್ಮ ಪೆಟ್ರೋಲ್ ಬಂಕಿನ ಹುಡುಗ ಪಿಕಪ್ ನೋಡಿದ ಕೂಡಲೇ ಲೋಡಿನ ಲೆಕ್ಕಕ್ಕೆ ಬಿಗಿಯಾಗಿ ಹೊಡೆದುಬಿಡುತ್ತಾನೆ. ಅದನ್ನು ಇಳಿಸಿ ನೋಡಿ, ಅರ್ಧ ಕುಣಿತ ಅಲ್ಲೇ ಹೋಗುತ್ತದೆ. ಮೊದಲ ಮಳೆಗೆ ಮಾತ್ರ ಹುಷಾರು. ಖಾಲಿ ಪಿಕಪ್ಪಿನ ಹಿಂದಿನ ಚಕ್ರಕ್ಕೆ ಹಿಡಿತ ಕಡಿಮೆ. ಎಣ್ಣೆ ತೇಲಿದ ರಸ್ತೆಯಲ್ಲಿ ತಿರುವಿಗೆ ಜೋರಾಗಿ ಹೋದರೆ ಬಾಲ ಮುಂದೆ ಬರುತ್ತದೆ.

ಲೈನರಿನಲ್ಲಿ ಎರಡು ಬಗೆ. ಒಂದು, ಅಚ್ಚಿನಲ್ಲಿ ಮಾಡಿದ ಪ್ಲಾಸ್ಟಿಕ್ ತೊಟ್ಟಿ, ತಂದು ಕೂರಿಸುವುದು. ಇನ್ನೊಂದು, ಬಾಡಿಗೇ ಬಳಿಯುವ ಸ್ಪ್ರೇ. ತೊಟ್ಟಿ ಅಗ್ಗ, ಹೊಡೆತ ತಡೆಯುತ್ತದೆ. ಆದರೆ ಅದರ ಕೆಳಗೆ ಮರಳು ಸೇರುತ್ತದೆ. ಗಾಡಿ ಅಲುಗಿದಾಗಲೆಲ್ಲಾ ಆ ಮರಳು ಉಪ್ಪುಕಾಗದದ ಹಾಗೆ ಪೇಂಟ್ ಉಜ್ಜುತ್ತದೆ. ಎರಡು ವರ್ಷ ಬಿಟ್ಟು ಎತ್ತಿ ನೋಡಿದವರು ನನ್ನ ಶೆಡ್ಡಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ನೋಡಿದ್ದೇನೆ. ನೀವು ಗೊಬ್ಬರ ಒಯ್ಯುವವರು. ಯೂರಿಯಾ, ಪೊಟ್ಯಾಷ್ ಚೆಲ್ಲಿ ನೀರು ಬಿದ್ದರೆ ಕಬ್ಬಿಣಕ್ಕೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ನಿಮಗೆ ಸ್ಪ್ರೇ ಸರಿ. ಬಳಿಯುವ ಮೊದಲು ಪೇಂಟನ್ನು ಚೆನ್ನಾಗಿ ಉಜ್ಜಿ ಒರಟು ಮಾಡಬೇಕು, ಹಾಗೇ ಬಳಿದರೆ ಸಿಪ್ಪೆ ಏಳುತ್ತದೆ. ಉಜ್ಜುವಾಗ ನೀವೇ ನಿಂತು ನೋಡಿ. ಉಜ್ಜಿದ್ದೇವೆ ಸಾರ್ ಅನ್ನುವ ಮಾತಿಗೆ ಬೆಲೆ ಇಲ್ಲ.

ಇನ್ನು ಕ್ಯಾನೊಪಿ. ನೋಡಲು ಚಂದ, ಒಪ್ಪುತ್ತೇನೆ. ಆದರೆ ನೀವು ಸಸಿ, ಪೈಪು ಒಯ್ಯುವವರು. ಆರು ಅಡಿ ತೆಂಗಿನ ಸಸಿ ಕ್ಯಾನೊಪಿ ಒಳಗೆ ಮಲಗಬೇಕು, ಮಲಗಿದರೆ ಗರಿ ಮುರಿಯುತ್ತದೆ. ಕಳಚಿಡೋಣ ಅಂದರೆ ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಡುತ್ತೀರಿ? ಈಗಾಗಲೇ ಗಾಡಿ 5.3 ಮೀಟರ್ ಉದ್ದ ಇದೆ, ಮೂತಿ ಪಕ್ಕದ ಮನೆಯವರ ಜಾಗಕ್ಕೆ ಚಾಚಿರಬೇಕು. ಮಡಚುವ ಮೆತ್ತನೆ ಕವರ್ ಸಾಕು. ಸಸಿ ಇದ್ದ ದಿನ ಸುತ್ತಿಡಿ. ಬಾಡಿಗೆ ತೂತು ಕೊರೆಯದೆ ಕ್ಲಾಂಪಿನಲ್ಲಿ ಕೂರುವಂಥದ್ದು ತಗೊಳ್ಳಿ. ಗಾಡಿಗೆ ಖಾಯಂ ಆಗಿ ಬೇರೆ ರೂಪ ಕೊಡುವ ಕೆಲಸದ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಗಟ್ಟಿಯಾಗಿಯೇ ಹೇಳಿದೆ, ಕಂಪನಿ ಕೊಟ್ಟ ಅಳತೆ, ನಕ್ಷೆ ಬಿಟ್ಟು ಹೋಗುವ ಹಾಗಿಲ್ಲ ಅಂತ.

ಹೊರಗಿನಿಂದ ಏನೇ ಹಾಕಿಸಿ, ಬಿಲ್ ಇಟ್ಟುಕೊಂಡು ವಿಮೆಯವರಿಗೆ ಹೇಳಿ. ಮ್ಯೂಸಿಕ್ ಸಿಸ್ಟಮ್, ಲೈಟ್ ಥರದ ಕರೆಂಟಿನ ಸಾಮಾನಿಗೆ ಅದರ ಬೆಲೆಯ ನೂರಕ್ಕೆ 4ರಷ್ಟು ಪ್ರೀಮಿಯಂ ಬೀಳುತ್ತದೆ. ಹೇಳದಿದ್ದರೆ ಕಳವಾದ ದಿನ ಒಂದು ಪೈಸೆ ಬರುವುದಿಲ್ಲ. ಮತ್ತೆ ಸೀಟ್ ಕವರ್ ಹೊಲಿಸುವಾಗ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಲೇಬಲ್ ಇದೆಯಾ ನೋಡಿ. ಇದ್ದರೆ ಆ ಜಾಗ ಮುಚ್ಚುವ ಕವರ್ ಬೇಡ.

ಅಣ್ಣಾ, ಎಲ್‌ಇಡಿ ಬಾರ್ ಹಾಕಿಸಿದ ಮೇಲೆ ಫ್ಯೂಸ್ ಪದೇ ಪದೇ ಹೋಗುತ್ತಿದೆ. ದೊಡ್ಡ ಫ್ಯೂಸ್ ಹಾಕಿದರೆ ಸರಿ ಹೋಗುತ್ತಾ?
ಒಬ್ಬ ಡ್ರೈವರ್, ಆನೇಕಲ್

ಅಯ್ಯೋ, ಬೇಡ ತಮ್ಮಾ! ಫ್ಯೂಸ್ ಹೋಗುವುದು ನಿನ್ನ ಗಾಡಿ ಉಳಿಸಲಿಕ್ಕೆ. 120 ವಾಟಿನ ಬಾರ್ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ಅದನ್ನು ಹೆಡ್‌ಲೈಟಿನ ಸಣ್ಣ ವೈರಿಗೆ ಗಂಟು ಹಾಕಿದ್ದಾರೆ ಅಂತ ಕಾಣುತ್ತದೆ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. ಬ್ಯಾಟರಿಯಿಂದ ಬೇರೆ ದಪ್ಪ ವೈರ್, ಬ್ಯಾಟರಿ ಹತ್ತಿರವೇ ಫ್ಯೂಸ್, ನಡುವೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಡಬ್ಬಿ. ಸ್ವಿಚ್ಚಿಗೆ ಬರೀ ರಿಲೇ ಎಬ್ಬಿಸುವ ಕೆಲಸ. ಜೆ.ಸಿ. ರಸ್ತೆಯಲ್ಲಿ ಕಪ್ಲರ್ ಸಮೇತ ರೆಡಿ ವೈರಿಂಗ್ ಸಿಗುತ್ತದೆ. ಕಂಪನಿ ವೈರ್ ಎಲ್ಲೂ ಕತ್ತರಿಸಬೇಡ, ವಾರಂಟಿಗೆ ಹೋದಾಗ ಮೊದಲು ನೋಡುವುದೇ ಟೇಪ್ ಸುತ್ತಿದ ಜಾಗ.

ಅಷ್ಟೆಲ್ಲಾ ಮಾಡಿದ ಮೇಲೂ ಊರೊಳಗೆ ಅದನ್ನು ಹಾಕಬೇಡ. ಎದುರಿಗೆ ಬರುವ ಬೈಕಿನವನಿಗೆ ಕಣ್ಣು ಕತ್ತಲಾಗುತ್ತದೆ. ಇನ್ನೊಂದು ಮಾತು, ಬ್ರಾಕೆಟ್ ವೆಲ್ಡಿಂಗ್ ಮಾಡಿಸುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸು. ಈಗಿನ ಗಾಡಿಗಳಲ್ಲಿ ಎಲ್ಲಾ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಮೇಲೆ ನಡೆಯುತ್ತದೆ, ವೆಲ್ಡಿಂಗ್ ಕರೆಂಟ್ ಅದಕ್ಕೆ ನುಗ್ಗಿದರೆ ಬಾರಿಗೆ ಕೊಟ್ಟ ದುಡ್ಡಿನ ಹತ್ತರಷ್ಟು ಕಕ್ಕಬೇಕು.

ನಮ್ಮ ಯಜಮಾನರು ಹೊಸ ಪಿಕಪ್ ತಂದಿದ್ದಾರೆ. ಮುಂದಿನ ತಿಂಗಳು ನಮ್ಮ ನಾದಿನಿ ಮಗುವಿನ ಮುಡಿಗೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಬೇಕು. ಹಿಂದೆ ಜಮಖಾನ ಹಾಸಿ, ಸುತ್ತಲೂ ಕಂಬಿ ಹಾಕಿಸಿ, ಹದಿನೈದು ಜನ ಕೂತು ಹೋಗೋಣ ಅಂತಾರೆ. ಕಂಬಿ ಎಷ್ಟು ಎತ್ತರ ಇರಬೇಕು?
ಒಬ್ಬ ಗೃಹಿಣಿ, ಮಾಗಡಿ ರಸ್ತೆ

ತಾಯೀ, ಕಂಬಿಯ ಅಳತೆ ನಾನು ಹೇಳುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ.

ನಾವೆಲ್ಲಾ ಹಾಗೇ ಹೋದವರು. ಮೆಟಡೋರಿನ ಹಿಂದೆ ಹುಲ್ಲು ಹಾಸಿಕೊಂಡು ಮದುವೆಗೆ ಹೋಗಿದ್ದೇನೆ, ಹಾಡು ಹೇಳಿಕೊಂಡು. ಆದರೆ ಸರಕಿನ ಗಾಡಿಯಲ್ಲಿ ಜನ ಕೂರಿಸುವುದು ತಪ್ಪು. ಅದಕ್ಕಿಂತ ದೊಡ್ಡ ವಿಷಯ ವಿಮೆಯದು. ಸರಕಿನ ಗಾಡಿಯಲ್ಲಿ ಸುಮ್ನೆ ಕೂತು ಬಂದವರಿಗೆ ಏನಾದರೂ ಆದರೆ ವಿಮೆ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸರಕಿನ ಮಾಲೀಕ, ಇಲ್ಲವೇ ಅವನ ಕಡೆಯವನು ಸರಕಿನ ಜೊತೆ ಬಂದರೆ ಬೇರೆ ಮಾತು. ಮುಡಿಗೆ ಹೊರಟ ಅತ್ತೆ, ನಾದಿನಿ ಸರಕಲ್ಲ ಅಲ್ವಾ? ಪರಿಹಾರ ಅಂತ ಬಂದರೆ ಅದು ನಿಮ್ಮ ಯಜಮಾನರ ತಲೆ ಮೇಲೆ. ಗಾಡಿ ಮಾರಿದರೂ ತೀರುವುದಿಲ್ಲ.

ಜಮಖಾನದ ಮೇಲೆ ಕೂತವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ದೊಡ್ಡಬಳ್ಳಾಪುರ ದಾಟಿದ ಮೇಲೆ ಒಂದು ನಾಯಿ ಅಡ್ಡ ಬಂದು ಬ್ರೇಕ್ ಒತ್ತಿದರೆ ಹದಿನೈದೂ ಜನ ಕ್ಯಾಬಿನ್ ಕಡೆಗೆ ಜಾರುತ್ತಾರೆ, ಮಗು ಮೊದಲು. ಒಂದು ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆಗೆ ಹೇಳಿ. ಅಡುಗೆ ಸಾಮಾನು, ಪಾತ್ರೆ, ಗ್ಯಾಸ್ ಒಲೆ ನಿಮ್ಮ ಪಿಕಪ್ಪಿನಲ್ಲಿ ಬರಲಿ. ಯಜಮಾನರಿಗೆ ಹೊಸ ಗಾಡಿ ನೆಂಟರಿಗೆ ತೋರಿಸಿದ ಹಾಗೂ ಆಯಿತು. ಇದನ್ನು ನಾನೇ ಹೇಳಿದೆ ಅನ್ನಿ. ಬೈಗುಳ ನನಗೇ ಬರಲಿ.

ಬಸವೇಶ್ವರನಗರದಲ್ಲಿ 20 ಲೀಟರಿನ ನೀರಿನ ಕ್ಯಾನ್ ಹಾಕುತ್ತೇನೆ. ಡೀಸೆಲ್ ಪಿಕಪ್, ನಾಲ್ಕೇ ತಿಂಗಳು ಆಗಿದೆ. ಡಿಪಿಎಫ್ ಲೈಟ್ ಬರುತ್ತದೆ, ಸರ್ವಿಸಿಗೆ ಬಿಟ್ಟರೆ ಹೋಗುತ್ತದೆ, ಮತ್ತೆ ಬರುತ್ತದೆ. ಅದನ್ನು ಕಿತ್ತು ಹಾಕಿ ಕೊಡುತ್ತೇನೆ ಅಂತ ಒಬ್ಬರು ಹೇಳಿದರು.
ಒಬ್ಬ ಓದುಗ, ಬೆಂಗಳೂರು

ಕೀಳಿಸಬೇಡಿ. ಎಮಿಷನ್ ಟೆಸ್ಟೂ ಹೋಯಿತು, ವಾರಂಟಿಯೂ ಹೋಯಿತು.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂತಲ್ಲ, ಅದರ ಜೊತೆ ಬಂದದ್ದು ಇದು. ಸೈಲೆನ್ಸರ್ ದಾರಿಯಲ್ಲಿ ಜೇನುಗೂಡಿನ ಥರದ ಒಂದು ಜರಡಿ. ಡೀಸೆಲ್ಲಿನ ಕರಿ ಮಸಿ ಅದರಲ್ಲಿ ನಿಲ್ಲುತ್ತದೆ. ತುಂಬಿದಾಗ ಇಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಜರಡಿಯನ್ನು 600 ಡಿಗ್ರಿ ಆಸುಪಾಸಿಗೆ ಕಾಯಿಸಿ ಮಸಿ ಸುಡುತ್ತದೆ. ಅದಕ್ಕೆ ಗಾಡಿ ನಿಲ್ಲದೆ ಓಡಬೇಕು. ನೀವು ಓಡಿಸುವುದು ಹೇಗೆ? ಐವತ್ತು ಅಡಿ ಹೋಗಿ ಎರಡು ಕ್ಯಾನ್ ಇಳಿಸಿ ಆಫ್. ಮತ್ತೆ ಐವತ್ತು ಅಡಿ. ಕಾಯಲು ಶುರು ಆಗುವಷ್ಟರಲ್ಲಿ ಆಫ್. ಅನ್ನ ಬೇಯುವ ಮೊದಲೇ ಹತ್ತು ಸಲ ಒಲೆ ಆರಿಸಿದ ಹಾಗೆ.

ವಾರಕ್ಕೊಮ್ಮೆ ಬೆಳಗಿನ ಜಾವ ತುಮಕೂರು ರಸ್ತೆಗೆ ಹೋಗಿ. ಮೇಲಿನ ಗೇರಿನಲ್ಲಿ ಬಿಡದೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಓಡಿಸಿ ಬನ್ನಿ. ಲೈಟ್ ಬಂದ ದಿನ ತಡ ಮಾಡಬೇಡಿ. ಆಯಿಲ್ ಡಿಪ್‌ಸ್ಟಿಕ್ ನೋಡುತ್ತಿರಿ. ಮಟ್ಟ ಏರಿದ್ದರೆ ಖುಷಿ ಪಡಬೇಡಿ, ಸುಡದ ಡೀಸೆಲ್ ಆಯಿಲಿಗೆ ಸೇರಿದೆ ಅಂತ ಅರ್ಥ. ಆಗ ಆಯಿಲ್ ಬದಲಿಸಲೇಬೇಕು.

ನಿಜ ಹೇಳಬೇಕೆಂದರೆ ನಿಮ್ಮ ಕೆಲಸಕ್ಕೆ ಡೀಸೆಲ್ ಸರಿಯಾದ ಗಾಡಿಯೇ ಅಲ್ಲ. ಟಾಟಾ ಏಸ್‌ನಲ್ಲೇ 2022ರಿಂದ ಬ್ಯಾಟರಿಯದು ಬಂದಿದೆ. ಒಂದೇ ಬಡಾವಣೆ ಸುತ್ತುವವರಿಗೆ, ರಾತ್ರಿ ಚಾರ್ಜ್ ಹಾಕಲು ಜಾಗ ಇದ್ದವರಿಗೆ ಅದು ಒಳ್ಳೆಯದು. ಮುಂದಿನ ಗಾಡಿಗೆ ಯೋಚಿಸಿ.

ಮಳೆ ಬಂದರೆ ಅಂಡರ್‌ಪಾಸ್ ತುಂಬುತ್ತದೆ. ಸ್ನಾರ್ಕಲ್ ಹಾಕಿಸಿದರೆ ದಾಟಬಹುದಾ?
ಮಲ್ಲೇಶ್ವರದಿಂದ

ಇಲ್ಲ. ಸ್ನಾರ್ಕಲ್ ಇಂಜಿನ್ನಿಗೆ ಗಾಳಿ ಮೇಲಿಂದ ಕೊಡುತ್ತದೆ, ಅಷ್ಟೇ. ನೀರು ಬಾಗಿಲಿನಿಂದ ಬರುವುದನ್ನು ತಡೆಯುವುದಿಲ್ಲ, ಗಾಡಿ ತೇಲುವುದನ್ನೂ ತಡೆಯುವುದಿಲ್ಲ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಹೆಣ್ಣುಮಗಳು ತೀರಿಕೊಂಡದ್ದು ನೆನಪಿದೆಯಲ್ಲ. ನೀರು ಎಷ್ಟು ಆಳ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ. ಸುತ್ತಿ ಹೋಗಿ. ನೀರಿನಲ್ಲಿ ಆಫ್ ಆದರೆ ಮಾತ್ರ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ಹೋದ ನೀರು ಗಾಳಿಯ ಹಾಗೆ ಅಮುಕಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ವಿಮೆಯಲ್ಲಿ ಇಂಜಿನ್ ರಕ್ಷಣೆ ಅಂತ ಬೇರೆಯಾಗಿ ತಗೊಂಡಿರದಿದ್ದರೆ ಆ ಖರ್ಚು ನಿಮ್ಮದೇ. ಸ್ನಾರ್ಕಲಿನ ದುಡ್ಡು ಅದಕ್ಕೆ ಹಾಕಿ.

ಒಂದೆರಡು ಚುಟುಕು

ಕಾರಿನ ಲೈಸೆನ್ಸ್ ಇದೆ, ಹಳದಿ ಬೋರ್ಡ್ ಪಿಕಪ್ ಓಡಿಸಬಹುದಾ ಅಂತ ನಾಲ್ಕು ಜನ ಕೇಳಿದ್ದೀರಿ. ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಓಡಿಸಬಹುದು, ಲೈಸೆನ್ಸಿನಲ್ಲಿ ಬೇರೆ ಬರೆಸುವುದು ಬೇಡ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಹೇಳಿದೆ. ಪರ್ಮಿಟ್ ಕೇಳಿದವರಿಗೆ: ಒಟ್ಟು ತೂಕ 3,000 ಕೆಜಿ ಮೀರದ ಸರಕಿನ ಗಾಡಿಗೆ ಪರ್ಮಿಟ್ ಬೇಡ. ಬಿಳಿ ಬೋರ್ಡಿನ ಪಿಕಪ್ಪಿನಲ್ಲಿ ಸ್ನೇಹಿತರ ಮನೆ ಸಾಮಾನು ಸಾಗಿಸಿ ಬಾಡಿಗೆ ತಗೊಂಡವರಿಗೆ: ಸಹಾಯ ಮಾಡಿ, ಊಟ ಮಾಡಿ ಬನ್ನಿ. ದುಡ್ಡು ಬೇಡ. ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟ್ ಸೇರಿಸಿದರೆ ಅರ್ಧ ಟನ್ ಜಾಸ್ತಿ ಹಾಕಬಹುದಾ ಅಂದವರಿಗೆ: ಪ್ಲೇಟ್ ಸೇರಿಸಿದಿರಿ, ಬ್ರೇಕ್ ಸೇರಿಸಿದಿರಾ?

ಮೇಸ್ತ್ರಿ ಮಾಮ, ನಮ್ಮಪ್ಪ ಪಿಕಪ್ ತಂದಿದ್ದಾರೆ. ಹಿಂದೆ ಏನು ಬರೆಸಬೇಕು ಅಂತ ಮನೆಯಲ್ಲಿ ಜಗಳ. ಅಮ್ಮ ತವರಿನ ದೇವರ ಹೆಸರು ಅಂತಾರೆ, ಅಪ್ಪ ಅಜ್ಜಿ ಹೆಸರು ಅಂತಾರೆ. ನೀವೇ ಹೇಳಿ.
ಏಳನೇ ಕ್ಲಾಸಿನ ಹುಡುಗಿ, ಸುಂಕದಕಟ್ಟೆ

ಪುಟ್ಟಾ, ಅಮ್ಮ ಅಪ್ಪನ ಜಗಳದಲ್ಲಿ ನನ್ನನ್ನು ಎಳೆಯಬೇಡ. ದೇವರು ಮುಂದಿನ ಗಾಜಿನ ಮೇಲೆ, ಅಜ್ಜಿ ಹಿಂದಿನ ಡೋರಿನ ಮೇಲೆ ಅಂತ ಹೇಳಿ ನೋಡು. ಗಾಜಿನ ಮೇಲೆ ಬರೆಸಿದರೆ ಅಪ್ಪನ ಕಣ್ಣಿಗೆ ಅಡ್ಡ ಬರದ ಹಾಗೆ ತುದಿಯಲ್ಲಿ ಇರಲಿ. ನಂಬರ್ ಪ್ಲೇಟ್ ಮೇಲೆ ಮಾತ್ರ ಏನೂ ಬೇಡ.

ನನ್ನ ಎರಡನೇ ಗಾಡಿ 2013ರದ್ದು. ಅದರ ಹಿಂದೆ "ಸಾಲ ಇದೆ, ಅಂತರ ಇರಲಿ" ಅಂತ ಬರೆಸಿದ್ದೆ. ಓದಿದವರೆಲ್ಲಾ ನಗುತ್ತಿದ್ದರು, ಆದರೆ ಎರಡು ಅಡಿ ಹಿಂದೆಯೇ ಉಳಿಯುತ್ತಿದ್ದರು. ಸಾಲ ತೀರಿದ ದಿನ ಅಳಿಸೋಣ ಅಂತ ಪೇಂಟರ್ ಹತ್ತಿರ ಹೋದೆ. ಬರೆಯಲು 200 ತಗೊಂಡಿದ್ದವನು ಅಳಿಸಲು 500 ಕೇಳಿದ. ಬಿಟ್ಟು ಬಂದೆ. 2019ರಲ್ಲಿ ಆ ಗಾಡಿ ಮಾರಿದೆ. ಹೋದ ತಿಂಗಳು ನೆಲಮಂಗಲದ ಟೋಲ್ ಹತ್ತಿರ ನನ್ನ ಮುಂದೆಯೇ ಹೋಗುತ್ತಿತ್ತು. ಟಾರ್ಪಾಲು ಹೊಸದು, ಓಡಿಸುವವನು ಯಾರೋ ಸಣ್ಣ ಹುಡುಗ. ಬರಹ ಹಾಗೇ ಇತ್ತು.